ಇಪ್ಪತ್ತೆರಡು ಇಂಚಿನ ಫ್ರೇಮು

ನನ್ನ ಜೀವನದಲ್ಲಿ ನಾನು ಎರಡೇ ಸೈಕಲ್ ಇಟ್ಟುಕೊಂಡಿದ್ದೆ. ಮೊದಲನೆಯದನ್ನು ಅಪ್ಪ ಆರಿಸಿದರು, ಎರಡನೆಯದನ್ನು ನಾನು. ಅಪ್ಪ ಆರಿಸಿದ್ದು ನೋಡಲು ಚೆನ್ನಾಗಿತ್ತು, ನನ್ನ ಅಳತೆಗೂ ಸರಿಯಾಗಿತ್ತು. ನಾನು ಆರಿಸಿದ್ದು ಎರಡೂ ಅಲ್ಲ. ಆದರೂ ಇವತ್ತಿಗೂ ಯಾರಾದರೂ ಸೈಕಲ್ ಕೊಳ್ಳುವ ಮಾತೆತ್ತಿದರೆ ನಾನು ಬಾಯಿ ಹಾಕದೆ ಇರಲಾರೆ. ಈಗಿನವರು ಮುಂದಕ್ಕೂ ಹಿಂದಕ್ಕೂ ಸ್ಪ್ರಿಂಗ್ ಇರುವ, ಒಂದೇ ಕೈಯಲ್ಲಿ ಎತ್ತಬಹುದಾದ ಫ್ರೇಮುಗಳ ಚಿತ್ರ ತೋರಿಸಿ ಇದು ಹೇಗೆ, ಅದು ಹೇಗೆ ಎಂದು ಕೇಳುತ್ತಾರೆ. ಅದರ ಮೇಲೆ ಏನು ಹೇರಿಕೊಂಡು ಹೋಗುತ್ತೀಯ ಎಂದು ನಾನು ತಿರುಗಿ ಕೇಳುತ್ತೇನೆ. ಏನೂ ಇಲ್ಲ, ಸುಮ್ಮನೆ ಗುಡ್ಡ ಹತ್ತಿ ಇಳಿಯುವುದಕ್ಕೆ ಅನ್ನುತ್ತಾರೆ. ಹಾಗಾದರೆ ಯಾವುದಾದರೂ ಆಗುತ್ತದೆ ಎನ್ನುತ್ತೇನೆ. ಅವರಿಗೆ ಸಿಟ್ಟು ಬರುತ್ತದೆ, ಬರಲಿ.

ನಾನು ಸಾಗರದವಳು. ಅಪ್ಪ ಗಂಧದ ಕೆತ್ತನೆಯವರು. ಬೆಳಿಗ್ಗೆ ಕೂತರೆ ಮಧ್ಯಾಹ್ನದವರೆಗೆ ಒಂದು ಪೆಟ್ಟಿಗೆಯ ಮುಚ್ಚಳದ ಮೇಲೆ ಒಂದು ಬಳ್ಳಿ, ಆ ಬಳ್ಳಿಗೆ ನಾಲ್ಕು ಎಲೆ, ಅಷ್ಟೇ ಅವರ ಲೋಕ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಾಗ ನಾನು ದಾದಿ ತರಬೇತಿ ಮುಗಿಸಿದೆ. ಹೊಸನಗರ ತಾಲೂಕಿನಲ್ಲಿ, ತೀರ್ಥಹಳ್ಳಿ ಗಡಿಗೆ ಹತ್ತಿರದ ಒಂದು ಉಪಕೇಂದ್ರಕ್ಕೆ ನನ್ನನ್ನು ಹಾಕಿದರು. ಉಪಕೇಂದ್ರವೆಂದರೆ ಒಂದು ಕೋಣೆ, ಒಂದು ಬೆಂಚು, ಬೀಗ ಹಾಕಲು ಬಾರದ ಒಂದು ಕಪಾಟು. ಹಳ್ಳಿಗಳು ಮಾತ್ರ ಹದಿನೇಳು. ಸೈಕಲ್ ಇಲ್ಲದೆ ಆಗುವುದಿಲ್ಲ ಎಂದು ಮೊದಲ ವಾರದಲ್ಲೇ ತಿಳಿಯಿತು.

ಅಪ್ಪ ನನ್ನನ್ನು ಸಾಗರದ ಅಂಗಡಿಗೆ ಕರೆದುಕೊಂಡು ಹೋದರು. ಅಂಗಡಿಯವನು ಹತ್ತಾರು ಸೈಕಲ್ ತೋರಿಸಿದ. ಅಪ್ಪನ ಕಣ್ಣು ಬಿದ್ದಿದ್ದು ಒಂದು ಹಸಿರು ಲೇಡೀಸ್ ಸೈಕಲ್ ಮೇಲೆ. ಅದಕ್ಕೆ ಮೇಲಿನ ಅಡ್ಡ ಬಾರ್ ಇರಲಿಲ್ಲ. ಬಾರ್ ಇರಬೇಕಾದ ಜಾಗದಲ್ಲಿ ಎರಡು ಕೊಳವೆಗಳು ಜೊತೆಯಾಗಿ ಕೆಳಕ್ಕೆ ಬಾಗಿ ಪೆಡಲಿನ ಹತ್ತಿರ ಸೇರುತ್ತಿದ್ದವು. ಅಪ್ಪ ಆ ಬಾಗಿನ ಮೇಲೆ ಬೆರಳು ಆಡಿಸಿ, "ಇದು ಮಾಡಿದವ್ನಿಗೆ ಕೈ ಅದೆ ನೋಡು" ಅಂದರು. ಬಳ್ಳಿ ಕೆತ್ತುವವರಿಗೆ ಬಾಗಿದ್ದೆಲ್ಲ ಚೆಂದ. ನನಗೂ ಚೆಂದ ಕಂಡಿತು, ಸುಳ್ಳು ಯಾಕೆ ಹೇಳಲಿ. ಸೀರೆ ಉಟ್ಟು ಹತ್ತುವುದು ಸುಲಭ, ಮುಂದೆ ಬುಟ್ಟಿ ಇದೆ, ನೋಡಿದವರು ನಗುವುದಿಲ್ಲ. ಇಬ್ಬರೂ ರಸ್ತೆಯ ಬಗ್ಗೆ ಒಂದು ಮಾತೂ ಆಡಲಿಲ್ಲ.

ನನ್ನ ಕೆಲಸದಲ್ಲಿ ಕಷ್ಟದ್ದು ಹೆರಿಗೆಯಲ್ಲ, ಫ್ಲಾಸ್ಕು. ಮಕ್ಕಳಿಗೆ ಪೋಲಿಯೋ ಹನಿ ಹಾಕುವ ಕೆಲಸ ಆಗ ತಾನೇ ನಮ್ಮ ಕಡೆ ಶುರುವಾಗಿತ್ತು. ಔಷಧದ ಪುಟ್ಟ ಶೀಷೆಗಳನ್ನು ಮಂಜುಗಡ್ಡೆಯ ಜೊತೆ ಗಾಜಿನ ಫ್ಲಾಸ್ಕಿನಲ್ಲಿ ಹಾಕಿ ಕೊಡುತ್ತಿದ್ದರು. ತಂಪು ಹೋದರೆ ಔಷಧವೂ ಹೋಯಿತು. ಹೋದದ್ದು ಕಣ್ಣಿಗೆ ಕಾಣುವುದಿಲ್ಲ, ಅದೇ ಬಣ್ಣ, ಅದೇ ನೀರು, ಆದರೆ ಒಳಗೆ ಸತ್ವ ಇಲ್ಲ. ಬೆಳಿಗ್ಗೆ ಹೊಸನಗರದಲ್ಲಿ ತುಂಬಿಸಿಕೊಂಡರೆ ಮಧ್ಯಾಹ್ನ ತಿರುಗುವುದರೊಳಗೆ ಮಕ್ಕಳ ಬಾಯಿಗೆ ಬೀಳಬೇಕು. ನಡೆದು ಹೋದರೆ ಹತ್ತಿರದ ಹಳ್ಳಿಗಳು ಮುಗಿಯುವಷ್ಟರಲ್ಲಿ ಮಂಜುಗಡ್ಡೆ ನೀರಾಗುತ್ತಿತ್ತು.

ಹಸಿರು ಸೈಕಲ್ ಟಾರು ರಸ್ತೆಯಲ್ಲಿ ರಾಣಿಯ ಹಾಗೆ ಹೋಗುತ್ತಿತ್ತು. ಟಾರು ಮುಗಿದು ಕಲ್ಲು ಶುರುವಾದರೆ ಅದರ ನಡು ಬಳುಕುತ್ತಿತ್ತು. ಮೇಲೆ ಬಾರ್ ಇಲ್ಲದ ಫ್ರೇಮಿಗೆ ಇಳಿಜಾರಿನಲ್ಲಿ ಮುಂದಿನ ಚಕ್ರ ಒಂದು ಕಡೆ ಎಳೆದರೆ ಹಿಂದಿನದು ಇನ್ನೊಂದು ಕಡೆ. ಮುಂದಿನ ಬುಟ್ಟಿಯಲ್ಲಿದ್ದ ಫ್ಲಾಸ್ಕು ಮೂರನೇ ವಾರಕ್ಕೆ ಒಳಗೇ ಒಡೆದು ಚೂರಾಯಿತು. ಅಲ್ಲಾಡಿಸಿದರೆ ಬಳೆ ಚೂರಿನ ಶಬ್ದ. ಇನ್ನೊಂದು ಫ್ಲಾಸ್ಕು ಕೇಳಿ ತಂದೆ, ಅದನ್ನು ಹಿಂದಿನ ಕ್ಯಾರಿಯರಿಗೆ ಕಂಬಳಿ ಸುತ್ತಿ ಕಟ್ಟಿದೆ. ಅದೂ ಒಡೆಯಿತು. ಮೂರನೆಯದನ್ನು ಕೊಡುವಾಗ ಡಾಕ್ಟರು, ಇದು ಹೋದರೆ ಆ ಕಡೆಯ ಹಳ್ಳಿಗಳನ್ನು ಪಟ್ಟಿಯಿಂದ ಬಿಡೋಣ ಎಂದರು. ಅವರು ಅದನ್ನು ಬೈಗುಳದ ಹಾಗೆ ಹೇಳಲಿಲ್ಲ, ನಿಜವಾಗಿ ಬೇರೆ ದಾರಿ ಕಾಣದೆ ಹೇಳಿದರು. ಅದೇ ನನಗೆ ಹೆಚ್ಚು ಚುಚ್ಚಿತು.

ಆ ಕಡೆಯ ಹಳ್ಳಿ ಎಂದರೆ ನಿಜವಾಗಿ ಹಳ್ಳದಾಚೆಯ ಐದು ಮನೆ. ಗೇಣಿ ಮಾಡುತ್ತಿದ್ದವರು, ಉಳುವವನಿಗೇ ಭೂಮಿ ಎಂಬ ಕಾಯಿದೆ ಬಂದ ಮೇಲೆ ಗದ್ದೆ ಅವರ ಹೆಸರಿಗೇ ಆಗಿತ್ತು. ಹಳ್ಳಕ್ಕೆ ಎರಡು ಮರದ ದಿಮ್ಮಿ ಜೋಡಿಸಿದ ಸಂಕ, ಹಿಡಿದುಕೊಳ್ಳಲು ಒಂದು ಬೆತ್ತ. ಸಂಕ ದಾಟಿದ ಮೇಲೂ ಮೂರು ಮೈಲಿ ಗುಡ್ಡದ ದಾರಿ ಇತ್ತು, ಹಾಗಾಗಿ ಸೈಕಲ್ಲನ್ನು ಈಚೆ ಬಿಟ್ಟು ಹೋಗುವ ಹಾಗಿರಲಿಲ್ಲ. ಸಂಕದ ಮೇಲೆ ಅದನ್ನು ತಳ್ಳಿಕೊಂಡು ಹೋಗಲು ಅಗಲ ಸಾಲದು. ಎತ್ತಿಕೊಂಡು ಹೋಗೋಣವೆಂದರೆ ಲೇಡೀಸ್ ಸೈಕಲ್ಲಿನಲ್ಲಿ ಹೆಗಲು ಕೊಡಲು ಜಾಗವೇ ಇಲ್ಲ. ಒಂದು ಸಲ ಸೀಟು ಮತ್ತು ಹ್ಯಾಂಡಲ್ ಹಿಡಿದು ಎತ್ತಿ ನಾಲ್ಕು ಹೆಜ್ಜೆ ಇಟ್ಟೆ. ಮುಂದಿನ ಚಕ್ರ ತಾನೇ ತಿರುಗಿ ಮೊಣಕಾಲಿಗೆ ಹೊಡೆಯಿತು, ನಾನು ದಿಮ್ಮಿಯ ಮೇಲೆ ಕುಕ್ಕರಿಸಿಬಿಟ್ಟೆ. ಆಚೆ ದಡದಲ್ಲಿ, ಗದ್ದೆಗೆಂದು ಗಾಡಿಯಲ್ಲಿ ಬಂದಿದ್ದ ಆ ಮನೆಗಳ ಒಬ್ಬ ಹೆಂಗಸು ಕಂಕುಳಲ್ಲಿ ಕೂಸು ಹಿಡಿದುಕೊಂಡು ನನ್ನನ್ನೇ ನೋಡುತ್ತಾ ನಿಂತಿದ್ದಳು. ಅವಳ ಪಕ್ಕ ಏಳು ವರ್ಷದ ಹುಡುಗಿ, ಒಂದು ಕಾಲು ಒಣಗಿ ಸಣ್ಣದಾಗಿತ್ತು, ಅಮ್ಮನ ಸೀರೆ ಹಿಡಿದೇ ನಿಲ್ಲಬೇಕು. ಪೋಲಿಯೋ ಎಂದು ನನಗೆ ಈಚೆ ದಡದಿಂದಲೇ ಗೊತ್ತಾಯಿತು.

ಅಷ್ಟರಲ್ಲಿ ಮಂಜುಗಡ್ಡೆ ನೀರಾಗಿತ್ತು, ಹಾಗಾಗಿ ಅವತ್ತು ಫ್ಲಾಸ್ಕನ್ನು ಸೈಕಲ್ ಜೊತೆ ಈಚೆಯೇ ಬಿಟ್ಟು ನಾನೊಬ್ಬಳೇ ದಾಟಿ ಅವಳ ಹತ್ತಿರ ಮಾತಾಡಿದೆ. "ಇವಳಿಗೆ ಆಗಿದ್ದು ಆತು. ಇವ್ನಿಗೆ ಆಗ್ಬಾರ್ದು ನರ್ಸಮ್ಮ. ಹನಿ ಹಾಕಿದ್ರೆ ಬರಲ್ವಂತೆ ಹೌದಾ?" ಅಂದಳು. ಹೌದು ಅಂದೆ. ಮುಂದಿನ ಸಲ ತಂದೇ ತರುತ್ತೇನೆ ಎಂದೆ. ಹೇಳಿ ಮುಗಿಸುವ ಮೊದಲೇ ಹೇಗೆ ತರುತ್ತೀಯ ಎಂದು ಒಳಗಿನಿಂದ ಯಾರೋ ಕೇಳಿದ ಹಾಗಾಯಿತು. ಮೂರು ತಿಂಗಳ ಆ ಕೂಸು ಆಗ ನನ್ನ ಬೆರಳು ಹಿಡಿದುಕೊಂಡಿತ್ತು. ಮಾತು ಕೊಟ್ಟುಬಿಟ್ಟಿದ್ದೆ.

ಹೊಸನಗರದಲ್ಲಿ ಬಸ್ಸು ನಿಲ್ಲುವ ಕಡೆ ಒಬ್ಬ ಸೈಕಲ್ ರಿಪೇರಿಯವರಿದ್ದರು. ಐವತ್ತರ ಮೇಲೆ ವಯಸ್ಸು, ಮಾತು ಕಮ್ಮಿ, ಆಡಿದರೆ ಖಾರ. ನನ್ನ ಹಸಿರು ಸೈಕಲ್ ನೋಡಿ, "ಇದು ಪ್ಯಾಟೆಗೆ ಹೂ ತರಕ್ಕೆ ಚೊಲೋ ಅದೆ" ಅಂದರು. ನನಗೆ ಉರಿದುಹೋಯಿತು. ಅಪ್ಪ ಆರಿಸಿದ್ದು ಅಂದೆ. "ಅಪ್ಪ ಸಂಕ ದಾಟಿದ್ರಾ?" ಎಂದು ಕೇಳಿ ಅವರು ಪಂಕ್ಚರ್ ಹಾಕುವುದನ್ನು ಮುಂದುವರಿಸಿದರು. ನಾನು ಎದ್ದು ಹೋಗಬೇಕೆಂದುಕೊಂಡವಳು ಹೋಗಲಿಲ್ಲ. ಫ್ಲಾಸ್ಕು, ಸಂಕ, ಹಳ್ಳದಾಚೆಯ ಕೂಸು ಎಲ್ಲ ಹೇಳಿದೆ.

ಅವರು ಕೇಳಿಸಿಕೊಂಡು ಮಾಡಿನ ಕಡೆ ಕೈ ತೋರಿಸಿದರು. ಅಲ್ಲಿ ಹಗ್ಗಕ್ಕೆ ನಾಲ್ಕು ಬರಿಯ ಫ್ರೇಮುಗಳು ತೂಗುತ್ತಿದ್ದವು. ಚಕ್ರ ಇಲ್ಲ, ಸೀಟು ಇಲ್ಲ, ಕೊಳವೆ ಮಾತ್ರ. ಅಲ್ಲಿಯವರೆಗೆ ನಾನು ಸೈಕಲ್ ಅಂದರೆ ಬಣ್ಣ, ಗಂಟೆ, ಬುಟ್ಟಿ ಅಂದುಕೊಂಡಿದ್ದೆ. ಎಲ್ಲ ಬಿಚ್ಚಿದ ಮೇಲೆ ಉಳಿಯುವುದು ಇದು ಎಂದು ಅವತ್ತು ಕಂಡೆ. "ಹತ್ಕಂಡು ಹೋಗಕ್ಕೆ ಯಾವ್ದಾದ್ರೂ ಆಗ್ತದೆ. ಹೊತ್ಕಂಡು ಹೋಗಕ್ಕೆ ಯಾವ್ದು ಆಗ್ತದೆ ಅಂತ ನೋಡ್ಬೇಕು" ಅಂದರು. ಈ ಮಾತನ್ನು ಆಮೇಲೆ ನಾನು ನನ್ನದೇ ಮಾತೆಂಬಂತೆ ಎಷ್ಟೋ ಜನಕ್ಕೆ ಹೇಳಿದ್ದೇನೆ.

ಒಂದು ಫ್ರೇಮು ಡಬಲ್ ಬಾರಿನದು. ಹಾಲಿನ ಕ್ಯಾನು ಹೇರುವವರು ಬಳಸುವಂಥದ್ದು, ಎಮ್ಮೆಯಷ್ಟು ಗಟ್ಟಿ, ತೂಕವೂ ಹಾಗೇ. ಇನ್ನೊಂದು ತೀರ್ಥಹಳ್ಳಿ ಕಡೆಯ ಯಾರೋ ತೋಟದವರು ಮಗನಿಗೆಂದು ತರಿಸಿ ಬೇಡವಾಗಿ ಕೊಟ್ಟದ್ದು, ತೆಳು ಕೊಳವೆಯ ರೇಸಿಂಗ್ ಫ್ರೇಮು, ಎರಡು ಬೆರಳಲ್ಲಿ ಎತ್ತಬಹುದು. ಉಳಿದ ಎರಡು ಸಾಧಾರಣ ಕಪ್ಪು ಫ್ರೇಮುಗಳು, ಒಂದು ಇಪ್ಪತ್ತು ಇಂಚು, ಒಂದು ಇಪ್ಪತ್ತೆರಡು. ನಾನು ತೆಳು ಫ್ರೇಮಿನ ಕಡೆ ಕೈ ಚಾಚಿದೆ. ಚಾಚದೆ ಇರಲು ಆಗುತ್ತಿರಲಿಲ್ಲ, ಅದು ಅಷ್ಟು ಚೆಂದ ಇತ್ತು. ನಾನು ಅಪ್ಪನ ಮಗಳೇ.

ಆರಿಸುವ ಮೊದಲು ಫ್ಲಾಸ್ಕು ಎಲ್ಲಿ ಕೂರಬೇಕು ಎಂದು ತೀರ್ಮಾನವಾಗಬೇಕಿತ್ತು. ಫ್ಲಾಸ್ಕನ್ನೇ ಇಟ್ಟು ಪರೀಕ್ಷೆ ಮಾಡುವ ಧೈರ್ಯ ಇಬ್ಬರಿಗೂ ಇರಲಿಲ್ಲ, ಆದ್ದರಿಂದ ಕೋಳಿಮೊಟ್ಟೆ. ರಿಪೇರಿಯವರ ಹೆಂಡತಿ ನಾಲ್ಕು ನಾಲ್ಕು ಮೊಟ್ಟೆಗಳನ್ನು ಡಬ್ಬಿಗೆ ಹಾಕಿ ಕೊಡುತ್ತಿದ್ದರು, ಒಡೆದದ್ದನ್ನು ದೋಸೆಗೆ ಹಾಕುತ್ತಿದ್ದರು. ಮೊದಲು ರಿಪೇರಿಯವರು ಹಳೇ ಮೊಪೆಡ್ಡಿನ ಸ್ಪ್ರಿಂಗ್ ತಂದು ತಮ್ಮ ಬಾರ್ ಸೈಕಲ್ಲಿನ ಕ್ಯಾರಿಯರ್ ಕೆಳಗೆ ಕೂರಿಸಿದರು. ಊರ ಹೊರಗಿನ ಕಲ್ಲಿನ ಇಳಿಜಾರಿನಲ್ಲಿ ನಾನು ಬಿಟ್ಟೆ. ಡಬ್ಬಿ ನನ್ನ ಬೆನ್ನಿನ ಹಿಂದೆ ಕುಣಿಯಿತು, ಒಂದು ಕಲ್ಲಿಗೆ ಹಾರಿದ್ದು ಮೂರು ಕಲ್ಲಿನ ತನಕ ನಿಲ್ಲಲಿಲ್ಲ. ನಾಲ್ಕೂ ಮೊಟ್ಟೆ ಹೋದವು. "ಸ್ಪ್ರಿಂಗಿಗೆ ಎಗರಿಸಕ್ಕೆ ಬರ್ತದೆ, ನಿಲ್ಸಕ್ಕೆ ಬರಲ್ಲ" ಎಂದು ಅವರು ಅದನ್ನು ಬಿಚ್ಚಿ ಎಸೆದರು.

ದಾರಿ ತೋರಿಸಿದ್ದು ಅವರ ಹೆಂಡತಿ. ನಮ್ಮ ಕಡೆ ಅಡಿಗೆಮನೆಯ ಜಂತಿಗೆ ಸಿಕ್ಕ ಎಂದು ಒಂದು ಹಗ್ಗದ ಬಲೆ ತೂಗುಹಾಕುತ್ತಾರೆ, ಬೆಕ್ಕು ಇರುವೆಗಳಿಗೆ ಸಿಗದ ಹಾಗೆ ಬೆಣ್ಣೆ ಮೊಸರಿನ ಪಾತ್ರೆ ಅದರಲ್ಲಿರುತ್ತದೆ. ಅವರು ಹಳೆಯ ಸಿಕ್ಕವೊಂದನ್ನು ತಂದು, "ಅದ್ನ ಯಾಕೆ ಕೂರ್ಸೋದು, ನೇತು ಹಾಕಿ" ಅಂದರು. ಅದೇ ಸೈಕಲ್ಲಿನ ಮೇಲಿನ ಬಾರಿಗೆ ನೇತುಹಾಕಿದೆವು. ಕುಲುಕು ಕಮ್ಮಿಯಾಯಿತು, ಆದರೆ ತೊನೆದು ಬಾರಿಗೆ ಬಡಿದು ಎರಡು ಮೊಟ್ಟೆ ಒಡೆದವು. ಆಗ ರಿಪೇರಿಯವರು ಸಿಕ್ಕದ ಬುಡಕ್ಕೆ ಹಳೇ ಟ್ಯೂಬಿನ ಪಟ್ಟಿ ಕಟ್ಟಿ ಕೆಳಗಿನ ಕೊಳವೆಗೆ ಬಿಗಿದರು. ಮೇಲೆ ಹಗ್ಗ, ಕೆಳಗೆ ರಬ್ಬರು. ಇಳಿಜಾರು ಇಳಿದು ಬಂದು ಡಬ್ಬಿ ತೆಗೆದರೆ ನಾಲ್ಕು ಮೊಟ್ಟೆಯೂ ಗಟ್ಟಿ. ನಾನು ಅಲ್ಲೇ ರಸ್ತೆ ಬದಿಯಲ್ಲಿ ಕೂತು ನಕ್ಕುಬಿಟ್ಟೆ. ಅವತ್ತು ಅವರ ಮನೆಯಲ್ಲಿ ಮೊಟ್ಟೆ ಇಲ್ಲದ ದೋಸೆ.

ಈಗ ಫ್ರೇಮು. ಒಂದೊಂದಕ್ಕೂ ಚಕ್ರ ಹಾಕಿ ಓಡಿಸಿ ನೋಡಿದೆವು. ಸಿಕ್ಕ ಕಟ್ಟಲು ಬಾರ್ ಬೇಕೇ ಬೇಕು ಎಂದ ಮೇಲೆ ಅಪ್ಪನ ಹಸಿರು ಸೈಕಲ್ಲಿನ ಕಥೆ ಮುಗಿಯಿತು. ಡಬಲ್ ಬಾರಿನದರಲ್ಲಿ ಎರಡನೇ ಬಾರು ಮಧ್ಯದ ಜಾಗವನ್ನು ನುಂಗುತ್ತಿತ್ತು. ತೆಳು ರೇಸಿಂಗ್ ಫ್ರೇಮಿನಲ್ಲಿ ಮುಂದಿನ ಚಕ್ರ ಹಿಡಿಯುವ ಫೋರ್ಕು ನೆಟ್ಟಗೆ, ಕಲ್ಲಿನ ಪೆಟ್ಟು ಸೀದಾ ಕೈಗೆ ಬರುತ್ತಿತ್ತು. ಕಪ್ಪು ಫ್ರೇಮುಗಳ ಫೋರ್ಕು ಮುಂದಕ್ಕೆ ಉದ್ದವಾಗಿ ಬಾಗಿರುತ್ತದೆ, ಪೆಟ್ಟಿನ ಅರ್ಧವನ್ನು ಆ ಬಾಗೇ ತಿನ್ನುತ್ತದೆ. ಸಿಕ್ಕ ಕಟ್ಟಿದ ಮೇಲೂ ತೆಳು ಫ್ರೇಮಿನಲ್ಲಿ ಒಂದು ಮೊಟ್ಟೆ ಬಿರುಕು ಬಿಟ್ಟಿತು. ಇಷ್ಟಪಟ್ಟದ್ದನ್ನು ಬಿಟ್ಟುಕೊಡಲು ಒಂದು ಬಿರುಕು ಸಾಲದೆಂದು ನಾನು ವಾದ ಮಾಡಿದೆ. ರಿಪೇರಿಯವರು ಆ ಮೊಟ್ಟೆಯನ್ನು ನನ್ನ ಅಂಗೈಯ ಮೇಲಿಟ್ಟರು.

ಉಳಿದದ್ದು ಇಪ್ಪತ್ತು ಮತ್ತು ಇಪ್ಪತ್ತೆರಡು ಇಂಚು. ನಾನು ಗಿಡ್ಡ. ಇಪ್ಪತ್ತು ಇಂಚಿನ ಫ್ರೇಮು ನನಗೇ ಅಳತೆ ತೆಗೆದು ಮಾಡಿಸಿದ ಹಾಗಿತ್ತು, ಎರಡು ಕಾಲೂ ನೆಲಕ್ಕೆ ತಾಗುತ್ತಿದ್ದವು. ಆದರೆ ಅದರ ತ್ರಿಕೋನದೊಳಗೆ ಫ್ಲಾಸ್ಕು ತೂಗುಹಾಕಿದರೆ ನನ್ನ ಹೆಗಲು ತೂರುತ್ತಿರಲಿಲ್ಲ. ಹೆಗಲಿಗೆ ಜಾಗ ಬಿಟ್ಟರೆ ಫ್ಲಾಸ್ಕಿಗಿಲ್ಲ. ಇಪ್ಪತ್ತೆರಡು ಇಂಚಿನದರಲ್ಲಿ ಮುಂದಿನ ಮೂಲೆಗೆ ಫ್ಲಾಸ್ಕು, ಹಿಂದಿನ ಮೂಲೆಗೆ ಹೆಗಲು, ಎರಡೂ ಸರಿಯಾಗಿ ಕೂರುತ್ತಿದ್ದವು. ಕೂರದೆ ಇದ್ದವಳು ನಾನು. ಸೀಟನ್ನು ಬಾರಿಗೆ ತಾಗುವಷ್ಟು ಇಳಿಸಿದರೂ ಪೆಡಲು ಕೆಳಗೆ ಹೋದಾಗ ಹೆಬ್ಬೆರಳ ತುದಿ ಮಾತ್ರ ಎಟಕುತ್ತಿತ್ತು. ನಿಲ್ಲಬೇಕಾದರೆ ರಸ್ತೆ ಬದಿಯಲ್ಲಿ ಎತ್ತರದ ಕಲ್ಲು ಹುಡುಕಬೇಕು.

ನಾನು ಒಂದು ದಿನ ಪೂರ್ತಿ ಯೋಚನೆ ಮಾಡಿದೆ. ದಿನಾ ನನ್ನನ್ನು ಹೊರುವ ಗಾಡಿ ನನ್ನ ಅಳತೆಗೆ ಇರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಅದರೊಳಗೆ ತೂಗುವ ಗಾಜಿನ ಪಾತ್ರೆಯ ಅಳತೆಗೆ ನಾನು ಯಾಕೆ ಸರಿಹೊಂದಬೇಕು ಎಂದು ಸಿಟ್ಟೂ ಬಂತು. ಮಾರನೆಯ ದಿನ ಹೋಗಿ ಇಪ್ಪತ್ತೆರಡೇ ಇರಲಿ ಅಂದೆ. ದೊಡ್ಡ ಮನಸ್ಸಿನಿಂದಲ್ಲ, ಬೇರೆ ದಾರಿ ಇರಲಿಲ್ಲ. ರಿಪೇರಿಯವರು ಹಸಿರು ಸೈಕಲ್ಲಿನ ಚಕ್ರಗಳನ್ನು ಬಿಚ್ಚಿ ಕಪ್ಪು ಫ್ರೇಮಿಗೆ ಹಾಕಿದರು. ಮಡ್‌ಗಾರ್ಡ್, ಚೈನ್ ಕವರು, ಸ್ಟ್ಯಾಂಡು ಎಲ್ಲ ತೆಗೆದು ಹಗುರ ಮಾಡಿದರು. ಪೆಡಲುಗಳಿಗೆ ಮರದ ತುಂಡು ಬೋಲ್ಟ್ ಮಾಡಿ ಎತ್ತರಿಸಿದರು, ಬಾರಿನ ಮೇಲೆ ಹೆಗಲು ಕೂರುವಲ್ಲಿ ಕಂಬಳಿ ಚೂರು ಸುತ್ತಿದರು. ನೋಡಲು ಅದರಷ್ಟು ವಿಕಾರದ ಸೈಕಲ್ಲನ್ನು ನಾನು ಆಮೇಲೆ ಕಂಡಿಲ್ಲ.

ನಾಟಿ ಗದ್ದೆಯ ಹೆಂಗಸರ ಹಾಗೆ ಸೀರೆ ಎತ್ತಿ ಕಟ್ಟಿ ಬಾರ್ ಸೈಕಲ್ ಹತ್ತುವ ನರ್ಸಮ್ಮನ ಸುದ್ದಿ ನನಗಿಂತ ಮೊದಲೇ ಬಸ್ಸು ಹತ್ತಿ ಸಾಗರ ಮುಟ್ಟಿತು. ಅಪ್ಪ ಒಂದು ಭಾನುವಾರ ಬಂದರು. ಸೈಕಲ್ ಸುತ್ತ ಎರಡು ಸಲ ತಿರುಗಿ, ಮದುವೆಯಾಗಬೇಕಾದ ಹುಡುಗಿ ಇದನ್ನು ಹತ್ತುತ್ತಾಳೆಂದು ಯಾರ ಹತ್ತಿರ ಹೇಳಲಿ ಎಂದರು. ಯಾರ ಹತ್ತಿರವೂ ಹೇಳಬೇಡಿ ಅಂದೆ. ಹೊರಡುವಾಗ ಕೊಳವೆಗಳು ಕೂಡುವ ಜಾಗಗಳನ್ನು ಒಂದೊಂದಾಗಿ ಉಗುರಿನಿಂದ ತಡವಿ, "ಬೆಸುಗೆ ಸುದ್ಧ ಅದೆ" ಅಂದರು. ಅಪ್ಪನ ಬಾಯಲ್ಲಿ ಅದಕ್ಕಿಂತ ದೊಡ್ಡ ಒಪ್ಪಿಗೆ ಇರಲಿಲ್ಲ.

ಹೊಸ ಸೈಕಲ್ಲಿನಲ್ಲಿ ಹಳ್ಳದಾಚೆ ಹೋದ ದಿನ ನನಗೆ ಪ್ರತಿ ಕಲ್ಲೂ ನೆನಪಿದೆ. ಸಂಕದ ಹತ್ತಿರ ಇಳಿದು, ಬಾರಿನ ಕೆಳಗೆ ಹೆಗಲು ಕೊಟ್ಟು ಎದ್ದೆ. ಭಾರ ಇತ್ತು, ಆದರೆ ಭಾರ ಒಂದೇ ಕಡೆ ನಿಂತಿತ್ತು. ಫ್ಲಾಸ್ಕು ನನ್ನ ಕೆನ್ನೆಯ ಹತ್ತಿರವೇ ತೂಗುತ್ತಿತ್ತು, ಒಳಗೆ ಮಂಜುಗಡ್ಡೆ ಟಕ್ ಟಕ್ ಅನ್ನುವುದು ಕೇಳುತ್ತಿತ್ತು. ಆಚೆ ದಡದಲ್ಲಿ ಸೈಕಲ್ ಇಳಿಸಿ, ಫ್ಲಾಸ್ಕಿನ ಮುಚ್ಚಳ ಬಿಗಿಯಾಗಿಯೇ ಇದೆಯೇ ಎಂದು ಮುಟ್ಟಿ ನೋಡಿದೆ.

ಆ ಹೆಂಗಸಿನ ಮನೆಯೇ ಮೊದಲನೆಯದು. ಸೈಕಲ್ಲನ್ನು ಜಗಲಿಯ ನೆರಳಿಗೆ ಒರಗಿಸಿದೆ. ಕರೆಯದೆ ಯಾರೂ ಬರುವವರಲ್ಲ, ಹಾಗಾಗಿ ಉಳಿದ ನಾಲ್ಕು ಮನೆಗೆ ನಾನೇ ಹೋಗಿ ಕರೆದು ಬಂದೆ. ಒಟ್ಟು ಒಂಬತ್ತು ಮಕ್ಕಳು. ಗದ್ದೆ ಕೆಲಸ ಬಿಟ್ಟು ತಾಯಂದಿರು ಅಂಗಳದಲ್ಲಿ ಸೇರಿದರು. ನಾನು ಸಿಕ್ಕದಿಂದ ಫ್ಲಾಸ್ಕು ತೆಗೆಯಲು ಹೋದರೆ ಸಿಕ್ಕ ಬರಿದಾಗಿತ್ತು.

ಫ್ಲಾಸ್ಕು ಒಳಗೆ ಅಡಿಗೆಮನೆಯಲ್ಲಿತ್ತು, ಮುಚ್ಚಳ ತೆಗೆದು. ಅದರಲ್ಲಿ ಏನೂ ಇರಲಿಲ್ಲ. ಒಲೆಯ ಪಕ್ಕ ಹಿತ್ತಾಳೆ ಬಟ್ಟಲಿನಲ್ಲಿ ಹಬೆಯಾಡುವ ಬಿಸಿನೀರು, ಅದರೊಳಗೆ ನನ್ನ ಶೀಷೆಗಳು. ಆ ಹೆಂಗಸು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ನಗುತ್ತಾ ಕೂತಿದ್ದಳು. ನಮ್ಮ ಕಡೆ ಕೂಸಿಗೆ ಎಣ್ಣೆಯಾಗಲಿ ಕಷಾಯವಾಗಲಿ ಬಿಸಿ ಮುಟ್ಟಿಸದೆ ಕೊಡುವವರಿಲ್ಲ. "ನಿಮಿಗೆ ಯಾಕೆ ಮತ್ತೆ ತೊಂದ್ರೆ ಅಂತ ನಾನೇ ಬೆಚ್ಚಗೆ ಮಾಡಿಟ್ಟೆ. ಅಷ್ಟು ತಣ್ಣಗಿನದ್ದು ಕೂಸಿನ ಹೊಟ್ಟೆಗೆ ಹೋದ್ರೆ ಥಂಡಿ ಆಗಲ್ವಾ?" ಅಂದಳು.

ಕೋಳಿಮೊಟ್ಟೆ, ರಬ್ಬರು ಪಟ್ಟಿ, ಕಾಲೆಟಕದ ಫ್ರೇಮು, ಇದಕ್ಕಾ? ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಹುಡುಗಿಯ ಕಡೆ ನೋಡಿ ದನಿ ತಗ್ಗಿಸಿದಳು. "ಇವಳಿಗೆ ಜ್ವರ ಬರೋ ಹಿಂದಿನ ದಿನ ನಾನೇ ಹಳ್ಳದಲ್ಲಿ ತಣ್ಣೀರು ಮೀಸಿದ್ದು. ಅದ್ಕೇ ಕಾಲು ಹೋತು ಅಂತ ಅತ್ತೆ ಈಗ್ಲೂ ಹೇಳ್ತಾರೆ. ಥಂಡಿ ಅಂದ್ರೆ ನಂಗೆ ಜೀವ ಹೋಗ್ತದೆ."

ಅತ್ತೆ ಹೊರಗೆ ಅಂಗಳದಲ್ಲೇ ಇದ್ದರು. ಒಂಬತ್ತು ಮಕ್ಕಳ ತಾಯಂದಿರೂ ಇದ್ದರು. ತಣ್ಣೀರಿನಿಂದ ಕಾಲು ಹೋಗುವುದಿಲ್ಲ ಎಂದು ನಾನು ಅವಳಿಗೆ ಹೇಳಿದೆ, ಅವಳು ತಲೆಯಾಡಿಸಿದಳು, ನಂಬಲಿಲ್ಲ. ಹೊರಗೆ ಹೋಗಿ ಇವಳು ಔಷಧ ಕೆಡಿಸಿದಳು ಅಂದರೆ ಆ ಊರಿನಲ್ಲಿ ಅವಳ ಮೇಲಿದ್ದ ಮಗಳ ಕಾಲಿನ ದೂರಿನ ಜೊತೆ ಇದೂ ಸೇರುತ್ತಿತ್ತು. ಏನೂ ಹೇಳದೆ ಆ ಬೆಚ್ಚಗಿನ ನೀರನ್ನೇ ಎಲ್ಲರ ಬಾಯಿಗೆ ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಎಲ್ಲರೂ ಸಂತೋಷವಾಗಿ ಮನೆಗೆ ಹೋಗುತ್ತಿದ್ದರು. ಆ ಯೋಚನೆ ನನಗೆ ಬಂದದ್ದು ನಿಜ. ಬಂದದ್ದಕ್ಕೆ ಇವತ್ತಿಗೂ ನಾಚಿಕೆ ಇದೆ.

ಹೊರಗೆ ಹೋಗಿ ಹೇಳಿದೆ, ದಾರಿಯಲ್ಲಿ ಸೈಕಲ್ ಕುಲುಕಿ ಫ್ಲಾಸ್ಕಿನ ಮುಚ್ಚಳ ಸಡಿಲವಾಗಿದೆ, ಮಂಜುಗಡ್ಡೆ ಕರಗಿಹೋಗಿದೆ, ತಂಪು ಹೋದರೆ ಈ ಔಷಧ ಕೆಲಸ ಮಾಡುವುದಿಲ್ಲ, ತಪ್ಪು ನನ್ನದು, ಮುಂದಿನ ಬುಧವಾರ ಮತ್ತೆ ಬರುತ್ತೇನೆ. ಅತ್ತೆ, "ಅಷ್ಟು ದೊಡ್ಡ ಸೈಕಲ್ ಎಂತಕ್ಕೆ ಮತ್ತೆ?" ಅಂದರು. ಕೆಲವರು ನಕ್ಕರು, ಕೆಲವರು ಗೊಣಗುತ್ತಾ ಗದ್ದೆಗೆ ಹೋದರು. ಆ ಹೆಂಗಸು ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದಳು.

ವಾಪಸು ಬರುವಾಗ ದಾರಿಯುದ್ದ ನನಗೆ ನಾನೇ ಬೈದುಕೊಂಡೆ. ಎರಡು ತಿಂಗಳು ಫ್ರೇಮಿನ ಕೊಳವೆ ಅಳೆದವಳು, ಫೋರ್ಕಿನ ಬಾಗು ನೋಡಿದವಳು, ತಂಪನ್ನು ಯಾಕೆ ಕಾಪಾಡಬೇಕು ಎಂದು ಆ ಐದು ಮನೆಗಳಲ್ಲಿ ಒಬ್ಬರಿಗೂ ಹೇಳಿರಲಿಲ್ಲ. ಹೇಳಲು ಒಂದು ವಾಕ್ಯ ಸಾಕಿತ್ತು. ಸಾಮಾನು ಆರಿಸುವುದರಲ್ಲಿ ಒಂದು ಸುಖ ಇದೆ, ಅದರಲ್ಲಿ ಮುಳುಗಿದರೆ ಮನುಷ್ಯರು ಮರೆತುಹೋಗುತ್ತಾರೆ. ನನಗೆ ಆದದ್ದು ಅದೇ.

ಸುಳ್ಳು ನನಗಿಂತ ಬೇಗ ಹೊಸನಗರಕ್ಕೆ ಹೋಗಿತ್ತು. ರಿಪೇರಿಯವರು ನನ್ನನ್ನು ನೋಡಿದ ಕೂಡಲೇ, "ನನ್ ಕೆಲ್ಸ ಕುಲುಕ್ತು ಅಂದ್ರಂತೆ" ಅಂದರು. ಆ ಕಡೆಯ ಜನ ಬಸ್ಸು ಕಾಯುತ್ತಾ ಕೂರುವುದು ಅವರ ಅಂಗಡಿಯ ಬೆಂಚಿನ ಮೇಲೇ, ಆದ್ದರಿಂದ ನಿಜ ಹೇಳುವ ಹಾಗಿರಲಿಲ್ಲ. ಸೈಕಲ್ಲನ್ನು ಅವರ ಕಡೆ ತಳ್ಳಿದೆ. ಅವರು ಸಿಕ್ಕ ಬಿಚ್ಚಿ, ರಬ್ಬರು ಎಳೆದು, ಮುಚ್ಚಳ ಹತ್ತು ಸಲ ತಿರುಗಿಸಿ ನೋಡಿದರು. ಏನೂ ಸಿಗಲಿಲ್ಲ. "ಬುಧವಾರ ನಾನೂ ಬರ್ತೀನಿ. ಎಲ್ಲಿ ಸಡ್ಲ ಆಗ್ತದೆ ಅಂತ ನೋಡೇ ಬಿಡ್ತೀನಿ" ಅಂದರು. ಅವರಿಗೆ ನೋವಾಗಿತ್ತು, ಅದು ನೋಡಿ ನನಗೂ ನೋವಾಯಿತು.

ಬುಧವಾರ ಅವರು ಅಂಗಡಿ ಮುಚ್ಚಿ ತಮ್ಮ ಸೈಕಲ್ಲಿನಲ್ಲಿ ನನ್ನ ಹಿಂದೆಯೇ ಬಂದರು. ದಾರಿಯುದ್ದ ಅವರ ಕಣ್ಣು ಫ್ಲಾಸ್ಕಿನ ಮೇಲೇ. ಆ ಮನೆಯ ಅಂಗಳ ಮುಟ್ಟಿದಾಗ ನಾನು ಎಣಿಸಿದ್ದಕ್ಕಿಂತ ಕಮ್ಮಿ ಜನ ಇದ್ದರು, ಆರು ಮಕ್ಕಳು. ಉಳಿದವರು ಇನ್ನೊಮ್ಮೆ ಗದ್ದೆ ಕೆಲಸ ಕೆಡಿಸಿಕೊಳ್ಳಲು ಸಿದ್ಧರಿರಲಿಲ್ಲ. ರಿಪೇರಿಯವರು ತಾವೇ ಮುಚ್ಚಳ ತಿರುಗಿಸಿ ಒಳಗೆ ನೋಡಿ, "ಮಂಜುಗಡ್ಡೆ ಹಂಗೇ ಅದೆ" ಎಂದರು. ಅತ್ತೆ, "ಹೋದ್ ಸಲ ಮಾತ್ರ ಕರಗಿತ್ತಾ ಹಂಗಾದ್ರೆ?" ಎಂದು ಕೇಳಿದರು.

ನಾನು ಇನ್ನೊಂದು ಸುಳ್ಳು ಹುಡುಕುತ್ತಿದ್ದೆ. ಅಷ್ಟರಲ್ಲಿ ಕೂಸನ್ನೆತ್ತಿಕೊಂಡು ಆ ಹೆಂಗಸು ಮುಂದೆ ಬಂದಳು.

"ಕರಗಿರ್ಲಿಲ್ಲ" ಅಂದಳು. "ಹೋದ್ ಸಲಾನೂ ಹಿಂಗೇ ಇತ್ತು. ಮಂಜುಗಡ್ಡೆ ತೆಗ್ದು ಹಿತ್ಲಿಗೆ ಚೆಲ್ಲಿದ್ದು ನಾನು. ಸೀಸೆ ಬಿಸಿನೀರಿಗೆ ಹಾಕಿದ್ದೂ ನಾನೇ. ಇವ್ರ ಸೈಕಲ್ಲಿಂದು ತಪ್ಪಿಲ್ಲ."

ಮಂಜುಗಡ್ಡೆ ಕರಗಿತ್ತು ಎಂದು ನಾನು ಹೇಳಿದ್ದು ಸುಳ್ಳೆಂದು ಆ ಅಂಗಳದಲ್ಲಿ ಅವತ್ತು ಒಬ್ಬಳಿಗೆ ಗೊತ್ತಿತ್ತು, ಆ ಸುಳ್ಳು ಅವಳ ಮೇಲೆ ಎಷ್ಟು ಭಾರವಾಗುತ್ತದೆಂದು ನನಗೆ ಹೊಳೆದೇ ಇರಲಿಲ್ಲ. ಒಂದು ವಾರ ಅವಳು ಅದನ್ನು ಒಳಗಿಟ್ಟುಕೊಂಡು ಓಡಾಡಿದ್ದಳು. ಅತ್ತೆ ಏನೋ ಹೇಳಲು ಬಾಯಿ ತೆರೆದರು. ಅವಳು ಅತ್ತ ತಿರುಗಲಿಲ್ಲ. ನನ್ನ ಕೈಯಿಂದ ಶೀಷೆ ತೆಗೆದುಕೊಂಡು ಮುಷ್ಟಿಯಲ್ಲಿ ಹಿಡಿದಳು, ಅದರ ತಂಪಿಗೆ ಅವಳ ಹುಬ್ಬು ಗಂಟಾಯಿತು. ಮತ್ತೆ ನನಗೆ ಕೊಟ್ಟಳು.

"ಮೊದ್ಲು ಇವ್ನಿಗೆ ಹಾಕಿ" ಅಂದಳು. "ತಣ್ಣಗಿದ್ದಂಗೇ ಹಾಕಿ." ಕೂಸಿನ ಗಲ್ಲ ಹಿಡಿದು ಬಾಯಿ ತೆರೆಸಿದಳು. ಹನಿ ಬೀಳುವವರೆಗೆ ಅವಳು ಕೈ ಬಿಡಲಿಲ್ಲ.